ಬೆಳ್ಳೂರು ಕ್ರಾಸ್ ದಾಟಿದ ಮೇಲೆ ಎಂಜಿನ್ ಹೋಯಿತು. ತಪ್ಪು ನನ್ನದಾ, ಶೋರೂಮಿನದಾ?

ಕುಣಿಗಲ್ ಕುದುರೆ | ಭಾನುವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ. ಎಂಟು ದಿನದಿಂದ ತಲೆಯಲ್ಲಿ ಇದೇ ಸುತ್ತುತ್ತಿದೆ. "ಆ ಕಾರಿನ ಬಗ್ಗೆ ಇನ್ನೊಂದು ಮಾತು ಮನೆಯಲ್ಲಿ ಬೇಡ" ಎಂದು ಹೆಂಡತಿ ಹೇಳಿಬಿಟ್ಟಿದ್ದಾಳೆ. ಹಾಗಾಗಿ ಇಲ್ಲಿಗೆ ಬಂದೆ.

ಕಾರು 2016ರದು. ಜರ್ಮನ್, ಎರಡೇ ಬಾಗಿಲು, ಆರು ಸಿಲಿಂಡರ್, ಟರ್ಬೊ ಪೆಟ್ರೋಲ್. ಕಂಪನಿ ಹೆಸರು, ಶೋರೂಮ್ ಹೆಸರು ಎರಡೂ ಬೇಡ. ಮಾತುಕತೆ ಇನ್ನೂ ನಡೆಯುತ್ತಿದೆ. 2021ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗ 31,000 ಕಿ.ಮೀ. ಓಡಿತ್ತು. ಈಗ 61,400. ಮೊದಲೆಲ್ಲ ವಾರಕ್ಕೊಮ್ಮೆ ಕವರ್ ತೆಗೆದು, ಒರೆಸಿ, ನಂದಿ ಬೆಟ್ಟಕ್ಕೋ ಸಾವನದುರ್ಗಕ್ಕೋ ಹೋಗಿ ಬಂದು ಮತ್ತೆ ಮುಚ್ಚಿಡುತ್ತಿದ್ದೆ. ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಎಂದ ಮೇಲೆ ಈ ವರ್ಷ ವಿಜಯನಗರದಿಂದ ಬೆಳ್ಳಂದೂರಿಗೂ ಇದನ್ನೇ ಓಡಿಸಿದೆ. ನಗಬೇಡಿ. ಇನ್ನೊಂದು ಕಾರು ಅವಳದು, ಅದು ಸಿಗುವುದಿಲ್ಲ.

ಆ ಶನಿವಾರ ಭಾವಮೈದನ ಜೊತೆ ಸಕಲೇಶಪುರಕ್ಕೆ ಹೊರಟಿದ್ದೆ. ಬೆಳಿಗ್ಗೆ ಐದೂಕಾಲಕ್ಕೆ ಮನೆ ಬಿಟ್ಟೆವು. ಟೋಲ್‌ನಲ್ಲಿ ನಿಂತಾಗ ಕೆಳಗಿನಿಂದ ಸಣ್ಣ ಸದ್ದು. ಪಕ್ಕದ ಮನೆಯಲ್ಲಿ ಯಾರೋ ಹೊಲಿಗೆ ಮಷಿನ್ ತುಳಿಯುತ್ತಿದ್ದಾರೆ ಅನ್ನೋ ಥರ. ವಾಲ್ವ್ ಕಡೆಯ ಟ್ಯಾಪೆಟ್ ಸದ್ದಿರಬೇಕು ಅಂದುಕೊಂಡೆ. ಬೆಳ್ಳೂರು ಕ್ರಾಸ್ ದಾಟಿ ಒಂದು ಲಾರಿ ಹಿಂದೆ ಹಾಕಲು ಕಾಲು ಒತ್ತಿದೆ ನೋಡಿ, ಹೊಲಿಗೆ ಮಷಿನ್ ಹೋಗಿ ಕಮ್ಮಾರಶಾಲೆ ಆಯಿತು. ಕಟ ಕಟ ಕಟ. ಕೆಂಪು ಆಯಿಲ್ ದೀಪ ಬಂತು. ಒಂದೂವರೆ ಕಿಲೋಮೀಟರ್ ಮುಂದೆ ಪೆಟ್ರೋಲ್ ಬಂಕ್ ಇತ್ತು, ಅಲ್ಲಿಯತನಕ ಮೆಲ್ಲಗೆ ಓಡಿಸಿದೆ. ಬಂಕ್ ಒಳಗೆ ತಿರುಗಿಸುವಾಗ ಎಂಜಿನ್ ತಾನಾಗಿಯೇ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದರೆ ಬರೀ 'ಟಕ್'.

ಕಾರು ಹೊತ್ತು ತಂದ ಫ್ಲ್ಯಾಟ್‌ಬೆಡ್ ಲಾರಿಗೆ ಹದಿನಾಲ್ಕು ಸಾವಿರ. ಹಿಂದೆ ಹಿಂದೆ ನಾವಿಬ್ಬರು ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ.

ಮೂರನೇ ದಿನ ಶೋರೂಮಿನಿಂದ ಫೋನ್. "ಬಿಗ್ ಎಂಡ್ ಬೇರಿಂಗ್ ಹೋಗಿದೆ ಸಾರ್, ಕ್ರ್ಯಾಂಕ್ ಗೀರಿದೆ. ಎಂಜಿನ್ ಬದಲಿಸಬೇಕು. 19 ಲಕ್ಷ, ಜಿಎಸ್‌ಟಿ ಬೇರೆ." ವಾರಂಟಿ ಮುಗಿದು ಏಳು ತಿಂಗಳಾಗಿದೆ. ಶೋರೂಮಿಗೇ ಹೋಗಿ, ಫೋನ್ ಮಾಡಿದ ಹುಡುಗನನ್ನು ಕಾರಣ ಕೇಳಿದೆ. "ಆಯಿಲ್ ಸರಿಯಾಗಿ ಮೇಂಟೇನ್ ಆಗಿಲ್ಲ ಸಾರ್." ಕಳೆದ ಮಾರ್ಚ್‌ನಲ್ಲಿ, 50,000 ಕಿ.ಮೀ.ಗೆ, ಆಯಿಲ್ ಹಾಕಿದ್ದು ನೀವೇ ತಾನೇ ಎಂದೆ. ಕಾರಿನ ಸ್ಕ್ರೀನ್ ಪ್ರಕಾರ ಮುಂದಿನ ಸರ್ವಿಸ್ 15,000ಕ್ಕೆ ಅಥವಾ ಒಂದು ವರ್ಷಕ್ಕೆ. ಓಡಿರುವುದು 11,400. ಆಗ ಆ ಹುಡುಗ ತನ್ನ ಫೋನ್ ತಿರುಗಿಸಿ ನನ್ನದೇ ಇನ್‌ಸ್ಟಾಗ್ರಾಮ್ ಫೋಟೋ ತೋರಿಸಿದ. 2023ರಲ್ಲಿ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕ್‌ನಲ್ಲಿ ಒಂದು ದಿನ ಓಡಿಸಿದ್ದೆ. ಹೆಲ್ಮೆಟ್ ಹಾಕಿಕೊಂಡು ಹಲ್ಲು ಕಿರಿದಿದ್ದೇನೆ. "ಟ್ರ್ಯಾಕ್ ಯೂಸ್ ಸಾರ್" ಎಂದ.

ನನ್ನ ಪ್ರಶ್ನೆ ಇಷ್ಟೇ. ಸರ್ವಿಸ್ ಟೈಮ್ ದಾಟದೆ, ಶೋರೂಮಿನಲ್ಲೇ ಆಯಿಲ್ ಹಾಕಿಸಿಯೂ ಬೇರಿಂಗ್ ಹೋಗುತ್ತದಾ? ಈಗ ನಾನು ಏನು ಮಾಡಬೇಕು?

ಮಾವಳ್ಳಿ ಸ್ಪ್ಯಾನರ್ | ಸೋಮವಾರ, ಬೆಳಿಗ್ಗೆ 6:55

ಸಾರ್, ಬೇರೆಲ್ಲ ಆಮೇಲೆ. ಶೋರೂಮ್ ಬಾಗಿಲು ತೆಗೆಯುವ ಮುಂಚೆ ಒಂದು ಮೇಲ್ ಹಾಕಿ. "ನಾನು ಎದುರಿಗೆ ಇಲ್ಲದೆ ಎಂಜಿನ್‌ನ ಒಂದು ಬೋಲ್ಟೂ ಬಿಚ್ಚಬಾರದು. ಒಳಗಿರುವ ಆಯಿಲ್ ಇಳಿಸಬಾರದು. ಫಿಲ್ಟರ್ ಎಸೆಯಬಾರದು." ಫೋನ್ ಮಾಡಬೇಡಿ. ವಾಟ್ಸಾಪ್ ಬೇಡ. ಮೇಲ್.

ಇನ್ನೊಂದು. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ಗೀರಿದೆ ಅಂದರಲ್ಲ, ಎಂಜಿನ್ ತಳದ ಆಯಿಲ್ ಚೇಂಬರ್ ಬಿಚ್ಚಿದರಾ? ಚೇಂಬರ್ ಇಳಿಸಿ, ಬೇರಿಂಗ್ ಕ್ಯಾಪ್ ತೆಗೆಯದೆ ಕ್ರ್ಯಾಂಕ್ ಮುಖ ಯಾರಿಗೂ ಕಾಣೋದಿಲ್ಲ. ಕೇಳಿ ನೋಡಿ. ಸದ್ದು ಕೇಳಿ ಊಹೆ ಮಾಡಿರುತ್ತಾರೆ. ಊಹೆ ಸರಿಯೇ ಇರಬಹುದು, ನನಗೂ ಹಾಗೇ ಅನ್ನಿಸುತ್ತಿದೆ. ಆದರೆ ಊಹೆಗೆ 19 ಲಕ್ಷದ ಎಸ್ಟಿಮೇಟ್ ಕೊಡಬಾರದು.

ಬೇರಿಂಗ್ ಅಂದರೆ ಗೋಲಿ ಇರುವ ಬೇರಿಂಗ್ ಅಲ್ಲ. ಅರ್ಧ ಬಳೆ ಥರದ ಎರಡು ತಗಡು. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಸೇರಿಸುವ ಕನೆಕ್ಟಿಂಗ್ ರಾಡ್‌ನ ಬಾಯಿಯಲ್ಲಿ ಕೂರುತ್ತವೆ. ಅವುಗಳ ಮಧ್ಯೆ ಕ್ರ್ಯಾಂಕ್ ತಿರುಗುತ್ತದೆ. ತಗಡಿಗೂ ಕ್ರ್ಯಾಂಕ್‌ಗೂ ನಡುವೆ ಇರೋದು ಕೂದಲಿಗಿಂತ ತೆಳ್ಳಗಿನ ಆಯಿಲ್ ಪದರ. ಆ ಪದರ ಇರುವ ತನಕ ಲೋಹಕ್ಕೆ ಲೋಹ ತಾಗೋದೇ ಇಲ್ಲ. ಪದರ ಹರಿದರೆ ಎರಡು ನಿಮಿಷದ ಕೆಲಸ.

ಮಾರ್ಚ್ ಬಿಲ್ ಹುಡುಕಿ ಎರಡು ವಿಷಯ ಹೇಳಿ. ಆಯಿಲ್ ಎಷ್ಟು ಲೀಟರ್ ಬರೆದಿದ್ದಾರೆ? ಆಯಿಲ್ ಇಳಿಸಲು ತೆಗೆಯುವ ಡ್ರೈನ್ ಬೋಲ್ಟ್‌ನ ವಾಷರ್ ಅಂತ ಒಂದು ಸಾಲು ಇದೆಯಾ?

ನೇರ ಮಾತು | ಸೋಮವಾರ, ಬೆಳಿಗ್ಗೆ 9:12

ಯಾರೂ ಹೇಳದಿದ್ದರೆ ನಾನು ಹೇಳುತ್ತೇನೆ. ಕೆಂಪು ಆಯಿಲ್ ದೀಪ ಬಂದ ಮೇಲೆ ಒಂದೂವರೆ ಕಿಲೋಮೀಟರ್ ಓಡಿಸಿದಿರಿ. ಹಳದಿ ದೀಪ ಬಂದರೆ ಆಯಿಲ್ ಕಡಿಮೆ ಇದೆ, ಸೇರಿಸು ಅಂತ. ಕೆಂಪು ಬಂದರೆ ಪ್ರೆಶರ್ ಇಲ್ಲ, ಈಗಲೇ ಆಫ್ ಮಾಡು ಅಂತ. ಬಂಕ್ ತನಕ ಅಲ್ಲ, ಮುಂದಿನ ಮರದ ತನಕವೂ ಅಲ್ಲ. ಅಲ್ಲೇ ನಿಲ್ಲಿಸಿದ್ದರೆ ಬರೀ ಬೇರಿಂಗ್‌ನಲ್ಲಿ ಮುಗಿಯುತ್ತಿತ್ತೇನೋ.

ಬೆಳಿಗ್ಗೆ ಐದೂಕಾಲಕ್ಕೆ ಹೊರಟಿರಿ. ತುಮಕೂರು ರಸ್ತೆ ಫ್ಲೈಓವರ್ ಹತ್ತಿದ್ದು ಎಷ್ಟು ಹೊತ್ತಿಗೆ? ಆಗ ಆಯಿಲ್ ಎಷ್ಟು ಬಿಸಿ ಇತ್ತು? ನೀರಿನ ಮುಳ್ಳು ಐದು ನಿಮಿಷಕ್ಕೆ ನಡುವೆ ಬಂದು ನಿಲ್ಲುತ್ತದೆ, ನಿಜ. ಆಯಿಲ್‌ಗೆ ಹತ್ತು ಹದಿನೈದು ಕಿಲೋಮೀಟರ್ ಬೇಕು. ಬಿಎಂಡಬ್ಲ್ಯುನ ಹಳೇ ಸ್ಪೋರ್ಟ್ಸ್ ಕಾರು ಇ46 ಎಂ3 ನೋಡಿದ್ದೀರಾ? ಅದರ ಆರ್‌ಪಿಎಂ ಮೀಟರಿನಲ್ಲಿ ಕಿತ್ತಳೆ ಬಣ್ಣದ ಚಿಕ್ಕ ದೀಪಗಳ ಸಾಲು ಇದೆ. ಆಯಿಲ್ ತಣ್ಣಗಿದ್ದಾಗ ಕೆಳಗಿನಿಂದಲೇ ಉರಿಯುತ್ತವೆ, ಬಿಸಿಯಾದ ಹಾಗೆ ಒಂದೊಂದಾಗಿ ಆರುತ್ತವೆ. ದೀಪ ಇರುವ ಕಡೆ ಮುಳ್ಳು ಹೋಗಬಾರದು ಅಂತ ಲೆಕ್ಕ. ಅಷ್ಟೆಲ್ಲ ಮಾಡಿಯೂ ಆ ಎಂಜಿನ್‌ನಲ್ಲಿ ಬೇರಿಂಗ್ ತೊಂದರೆ ಬಂದು 2001ರಿಂದ 2003ರ ಕಾರುಗಳನ್ನು ಬಿಎಂಡಬ್ಲ್ಯು ವಾಪಸ್ ಕರೆಸಿ ಬೇರಿಂಗ್ ಬದಲಿಸಿ ಕೊಟ್ಟಿತು. ಸ್ಪೋರ್ಟ್ಸ್ ಕಾರಿನ ಬೇರಿಂಗ್ ಅಂದರೆ ಅಷ್ಟು ಸೂಕ್ಷ್ಮ.

ಬೇಜಾರಾಗಬೇಡಿ. ಶೋರೂಮಿನವರು ಸಾಚಾ ಅಂತ ನಾನೇನೂ ಹೇಳುತ್ತಿಲ್ಲ.

ಕುಣಿಗಲ್ ಕುದುರೆ | ಸೋಮವಾರ, ಮಧ್ಯಾಹ್ನ 1:30

ಬೇಜಾರು ಆಯಿತು. ಆದರೆ ನಿಜ. ಗೊರಗುಂಟೆಪಾಳ್ಯ ಫ್ಲೈಓವರ್ ಖಾಲಿ ಇತ್ತು, ಭಾವಮೈದ ಮೊದಲ ಸಲ ಕೂತಿದ್ದ. ಸುಮ್ನೆ ತೋರಿಸೋಣ ಅಂತ ಒತ್ತಿದೆ. ಮನೆ ಬಿಟ್ಟು ಆರೇಳು ಕಿಲೋಮೀಟರ್ ಆಗಿತ್ತು ಅಷ್ಟೇ.

ನಮ್ಮಪ್ಪನ ಹತ್ತಿರ ಪ್ರೀಮಿಯರ್ ಪದ್ಮಿನಿ ಇತ್ತು. ಪ್ರತಿ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ, ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು, ಹಳೇ ಬನಿಯನ್ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದರು. ಆಮೇಲೆಯೇ ಕಾಫಿ. ನನ್ನ ಕಾರಿನಲ್ಲಿ ಆ ಕಡ್ಡಿಯೇ ಇಲ್ಲ. ಸ್ಕ್ರೀನಿನಲ್ಲಿ ಒಂದು ಹಸಿರು ಗೀಟು ಬರುತ್ತದೆ, ನೋಡಿ ಸುಮ್ಮನಾಗುತ್ತೇನೆ. ಕಡ್ಡಿ ಇಲ್ಲದಿದ್ದರೂ ಅದರ ಪೈಪ್ ಮಾತ್ರ ಹಾಗೇ ಇದೆ, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ. ಯಾಕೆ ಇಟ್ಟಿದ್ದಾರೋ ಅಂದುಕೊಳ್ಳುತ್ತಿದ್ದೆ.

ಮಾವಳ್ಳಿಯವರೇ, ಬಿಲ್ ಸಿಕ್ಕಿತು. ಒಟ್ಟು 52,300. ಆಯಿಲ್ 5 ಲೀಟರ್. ಫಿಲ್ಟರ್ ಇದೆ. ವಾಷರ್ ಅಂತ ಎಲ್ಲೂ ಇಲ್ಲ. ಮ್ಯಾನುಯಲ್ ತೆಗೆದು ನೋಡಿದೆ, ಈ ಎಂಜಿನ್‌ಗೆ ಫಿಲ್ಟರ್ ಸೇರಿ ಆರೂವರೆ ಲೀಟರ್ ಬೇಕು. ಮೇಲ್ ಹಾಕಿದ್ದೇನೆ. ಚೇಂಬರ್ ಬಿಚ್ಚಿಲ್ಲವಂತೆ, "ಕ್ಯಾಮೆರಾ ಹಾಕಿ ನೋಡಿದೆವು" ಎಂದರು.

ಮಾವಳ್ಳಿ ಸ್ಪ್ಯಾನರ್ | ಸೋಮವಾರ, ಮಧ್ಯಾಹ್ನ 2:05

ಸ್ಪಾರ್ಕ್ ಪ್ಲಗ್ ತೂತಿನಿಂದ ಕ್ಯಾಮೆರಾ ಬಿಟ್ಟರೆ ಪಿಸ್ಟನ್ ತಲೆ ಕಾಣುತ್ತೆ. ಬೇರಿಂಗ್ ಹೇಗೆ ಕಾಣುತ್ತೆ? ಒಳ್ಳೇ ಕಥೆ.

ಆ ಪೈಪ್ ಯಾಕೆ ಅಂತ ಕೇಳಿದಿರಿ. ಅದರೊಳಗೆ ಸಣ್ಣ ಟ್ಯೂಬ್ ಬಿಟ್ಟು ಪಂಪ್ ಹಚ್ಚಿ ಹಳೇ ಆಯಿಲ್ ಮೇಲಿಂದಲೇ ಎಳೆಯಬಹುದು. ಲಿಫ್ಟ್ ಬೇಡ, ಎಂಜಿನ್ ಅಡಿ ಮುಚ್ಚುವ ಕೆಳಗಿನ ಟ್ರೇ ಬಿಚ್ಚೋದು ಬೇಡ, ಡ್ರೈನ್ ಬೋಲ್ಟ್ ತೆಗೆಯೋದು ಬೇಡ, ಹಾಗಾಗಿ ಹೊಸ ವಾಷರ್ ಕೂಡ ಬೇಡ. ಇಪ್ಪತ್ತು ನಿಮಿಷದಲ್ಲಿ ಗಾಡಿ ಆಚೆ. ಅದೇನೂ ಮೋಸ ಅಲ್ಲ, ಸರಿಯಾಗಿ ಮಾಡಿದರೆ ಬಹುಪಾಲು ಬರುತ್ತೆ. ಆದರೆ ಬಿಸಿ ಇರುವಾಗ ಎಳೆಯಬೇಕು, ಟ್ಯೂಬ್ ತಳ ಮುಟ್ಟಬೇಕು. ಐದು ಲೀಟರ್ ಬಂತು, ಐದು ಲೀಟರ್ ಸುರಿದರು ಅಂತಿಟ್ಟುಕೊಳ್ಳಿ. ಸ್ಕ್ರೀನಿನಲ್ಲಿ ಗೀಟು ಫುಲ್ ತೋರಿಸುತ್ತೆ. ತಳದ ಒಂದೂವರೆ ಲೀಟರ್ ಕಪ್ಪು ಕಷಾಯ ಅಲ್ಲೇ ಉಳಿಯಿತು. ಹೊಸ ಆಯಿಲ್ ಮೊದಲ ದಿನವೇ ಹಳೇದಾಯಿತು.

ಆದರೆ ಇದು ಬಿಲ್ ನೋಡಿ ಹೇಳುತ್ತಿರುವ ಮಾತು. ಸಾಬೀತು ಮಾಡೋಕೆ ಆಗಲ್ಲ. ಬ್ಯಾರಲ್ ಆಯಿಲ್, ತಪ್ಪಾಗಿ ಐದು ಅಂತ ಎಂಟ್ರಿ ಹಾಕಿದೆವು ಅಂದುಬಿಡುತ್ತಾರೆ.

ಹೊಸಬ | ಸೋಮವಾರ, ಸಂಜೆ 4:40

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಕಾರಿಗೆ 0ಡಬ್ಲ್ಯು-30 ಹಾಕಿ ಎಂದು ಬರೆದಿದ್ದಾರೆ. ಡಬ್ಲ್ಯು ಅಂದರೆ ವಿಂಟರ್ ಅಂತೆ. ಬೆಂಗಳೂರಿನಲ್ಲಿ ಹಿಮ ಬೀಳಲ್ಲ, ದಪ್ಪ ಆಯಿಲ್ ಹಾಕಿದರೆ ಎಂಜಿನ್‌ಗೆ ಒಳ್ಳೆಯದಲ್ವಾ?

ನೇರ ಮಾತು | ಸೋಮವಾರ, ಸಂಜೆ 5:15

ಅಲ್ಲ. ಎಂಜಿನ್ ಪಾಲಿಗೆ ಬೆಂಗಳೂರಿನ ಹದಿನೆಂಟು ಡಿಗ್ರಿಯೂ ಚಳಿಯೇ. ಓಡುವಾಗ ಆಯಿಲ್ ನೂರು ಡಿಗ್ರಿ ಸುತ್ತಮುತ್ತ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಅದೇ ಆಯಿಲ್ ಹತ್ತು ಪಟ್ಟಿಗೂ ಜಾಸ್ತಿ ಮಂದ. ಮೊದಲ ನಂಬರ್ ಚಿಕ್ಕದಿದ್ದಷ್ಟೂ ಬೇಗ ಮೇಲಿನ ತನಕ ತಲುಪುತ್ತದೆ. ಬಿಸಿಯಾದ ಮೇಲಿನ ದಪ್ಪ ಹೇಳುವುದು ಎರಡನೇ ನಂಬರ್. ಮ್ಯಾನುಯಲ್‌ನಲ್ಲಿ ಇರುವುದನ್ನೇ ಹಾಕಿ. ಟರ್ಬೊ ಇದ್ದರೆ ಡಬ್ಬದ ಮೇಲೆ ಎಪಿಐ ಎಸ್‌ಪಿ ಇದೆಯಾ ನೋಡಿ. 2020ರಲ್ಲಿ ಬಂದ ದರ್ಜೆ, ಚಿಕ್ಕ ಟರ್ಬೊ ಎಂಜಿನ್‌ಗಳ ಪಿಸ್ಟನ್ ಒಡೆಯುವ ಒಂದು ಕಾಯಿಲೆಗೆ ಪರೀಕ್ಷೆ ಮಾಡಿಯೇ ಕೊಡುತ್ತಾರೆ.

ಫ್ರೀಮಾಂಟ್ ಹಾಸನದವ | ಮಂಗಳವಾರ, ಬೆಳಿಗ್ಗೆ 8:30

ಬೆಳ್ಳೂರು ಕ್ರಾಸ್ ಅಂತ ಓದಿದ ತಕ್ಷಣ ಎದೆ ಧಸಕ್ಕೆಂದಿತು. ಊರಿಗೆ ಹೋಗುವಾಗ ನಾವು ಯಾವಾಗಲೂ ಅಲ್ಲೇ ನಿಲ್ಲಿಸುವುದು.

ನಾನು ಕ್ಯಾಲಿಫೋರ್ನಿಯಾದಲ್ಲಿ 2003ರ ಬಾಕ್ಸ್‌ಸ್ಟರ್ ಇಟ್ಟುಕೊಂಡಿದ್ದೇನೆ. ಈ ಪೋರ್ಷೆ ಎಂಜಿನ್‌ಗಳ ಒಂದು ಕಥೆ ಎಲ್ಲರಿಗೂ ಗೊತ್ತು. ಕ್ರ್ಯಾಂಕ್‌ಗೂ ವಾಲ್ವ್ ತೆರೆಯುವ ಕ್ಯಾಮ್‌ಗೂ ನಡುವೆ ಒಂದು ಶಾಫ್ಟ್ ಇದೆ. ಅದರ ತುದಿಯಲ್ಲಿ ಸೀಲ್ ಮಾಡಿದ, ಒಳಗೆ ಗ್ರೀಸ್ ತುಂಬಿದ ಬೇರಿಂಗ್. ವರ್ಷ ಕಳೆದ ಹಾಗೆ ಸೀಲ್ ಒಳಗೆ ಆಯಿಲ್ ನುಗ್ಗಿ ಗ್ರೀಸ್ ತೊಳೆದು ಹೋಗುತ್ತದೆ. ಆಮೇಲೆ ಒಂದು ದಿನ ಬೇರಿಂಗ್ ಪುಡಿ, ಜೊತೆಗೆ ಎಂಜಿನ್ನೂ ಪುಡಿ. ಮಾಲೀಕರು ಸೇರಿ ಕೋರ್ಟಿಗೆ ಹೋದರು. 2001ರಿಂದ 2005ರ ಕಾರುಗಳ ವಿಷಯದಲ್ಲಿ 2013ರಲ್ಲಿ ರಾಜಿ ಆಯಿತು. ನಾನು ಕ್ಲಚ್ ಮಾಡಿಸುವಾಗ ಆ ಬೇರಿಂಗನ್ನೂ ಬದಲಿಸಿಬಿಟ್ಟೆ.

ಈ ಭಯಕ್ಕೇ ಇಲ್ಲಿ ನಮಗೆಲ್ಲ ಒಂದು ಅಭ್ಯಾಸ ಬಿದ್ದಿದೆ. ಪ್ರತಿ ಸಲ ಆಯಿಲ್ ಇಳಿಸಿದಾಗ ಫಿಲ್ಟರ್ ಕತ್ತರಿಸಿ, ಮಡಿಕೆ ಮಡಿಕೆ ಬಿಡಿಸಿ, ಬಿಳಿ ಪೇಪರ್ ಮೇಲೆ ಹರಡಿ ನೋಡುವುದು. ನಾನು ಐದು ಸಾವಿರ ಮೈಲಿಗೆ ಇಳಿಸುತ್ತೇನೆ, ಅಂದರೆ ಎಂಟು ಸಾವಿರ ಕಿಲೋಮೀಟರ್. ಕಂಪನಿ ಹೇಳುವುದಕ್ಕಿಂತ ಎಷ್ಟೋ ಬೇಗ. ಒಂದು ಚಿಕ್ಕ ಬಾಟಲಿ ಆಯಿಲ್ ಇಂಡಿಯಾನಾದ ಒಂದು ಲ್ಯಾಬಿಗೆ ಕಳಿಸುತ್ತೇನೆ. ಕಬ್ಬಿಣ ಎಷ್ಟು, ತಾಮ್ರ ಎಷ್ಟು, ಸೀಸ ಎಷ್ಟು, ಪೆಟ್ರೋಲ್ ಎಷ್ಟು ಸೇರಿದೆ ಎಂದು ಬರೆದು ಕಳಿಸುತ್ತಾರೆ. ರಕ್ತ ಪರೀಕ್ಷೆ ರಿಪೋರ್ಟ್ ಥರವೇ.

ಆಯಿಲ್ ನಾನೇ ಬದಲಿಸುತ್ತೇನೆ. ಇಲ್ಲಿ 1975ರ ಒಂದು ಕಾನೂನು ಇದೆ. ಶೋರೂಮಿನಲ್ಲಿ ಮಾಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ವಾರಂಟಿ ತಳ್ಳಿಹಾಕುವಂತಿಲ್ಲ. ರಸೀದಿ ಮಾತ್ರ ಇರಬೇಕು. ನನ್ನದು ಒಂದು ಚಪ್ಪಲಿ ಡಬ್ಬದ ತುಂಬ ಇವೆ.

ಕುದುರೆಯವರೇ, ಒಂದು ಪ್ರಶ್ನೆ. ಟ್ರಿಪ್ ಮೀಟರ್ ಸರ್ವಿಸ್ ದಿನ ಸೊನ್ನೆ ಮಾಡುತ್ತೀರಾ? ಮಾಡಿದ್ದರೆ ಆವರೇಜ್ ಸ್ಪೀಡ್ ಎಷ್ಟಿದೆ? ಎಂಜಿನ್ ತಿರುಗದಿದ್ದರೂ ಇಗ್ನಿಷನ್ ಆನ್ ಮಾಡಿದರೆ ಕಾಣುತ್ತದೆ.

ಕುಣಿಗಲ್ ಕುದುರೆ | ಮಂಗಳವಾರ, ರಾತ್ರಿ 10:50

ಸೊನ್ನೆ ಮಾಡುತ್ತೇನೆ. ಪ್ರತಿ ಸರ್ವಿಸ್‌ಗೂ. ಇವತ್ತು ಸಂಜೆ ಶೋರೂಮಿಗೆ ಹೋಗಿ ನೋಡಿದೆ. 11,400 ಕಿ.ಮೀ. ಆವರೇಜ್ ಸ್ಪೀಡ್ ಗಂಟೆಗೆ 24.

ಅಲ್ಲೇ ಸೋಫಾ ಮೇಲೆ ಕೂತು ಲೆಕ್ಕ ಹಾಕಿದೆ. 11,400 ಭಾಗಿಸು 24. ನಾನೂರ ಎಪ್ಪತ್ತೈದು ಗಂಟೆ. ಅಷ್ಟೇ ಗಂಟೆ ಹಾಸನದ ರಸ್ತೆಯಲ್ಲಿ ಅರವತ್ತರಲ್ಲಿ ಓಡಿದ್ದರೆ 28,500 ಕಿಲೋಮೀಟರ್ ಆಗುತ್ತಿತ್ತು. ನಾನು ಓಡೋಮೀಟರ್ ನೋಡಿಕೊಂಡು "ಇನ್ನೂ ಮೂರು ಸಾವಿರದ ಆರುನೂರು ಇದೆ" ಎಂದು ಕೂತಿದ್ದೆ. ಅತ್ತ ಎಂಜಿನ್ ಮಾರತ್‌ಹಳ್ಳಿ ಸೇತುವೆ ಕೆಳಗೆ ನಿಂತ ನಿಂತಲ್ಲೇ ತಿರುಗುತ್ತಿತ್ತು.

ಇನ್ನೊಂದು ವಿಷಯ ಇದೆ, ಅದನ್ನು ಹೇಳಲೇಬೇಕು. ಮಾವಳ್ಳಿಯವರು ಕೆಳಗಿನ ಟ್ರೇ ಎಂದು ಬರೆದದ್ದು ನಿನ್ನೆಯಿಂದ ತಲೆಯಲ್ಲಿ ಕೊರೆಯುತ್ತಿತ್ತು. ಫೆಬ್ರವರಿಯಲ್ಲಿ ನಮ್ಮ ಬೀದಿಯ ಹಂಪ್‌ಗೆ ತಾಗಿ ಆ ಟ್ರೇಯ ಒಂದು ಕ್ಲಿಪ್ ಮುರಿದಿತ್ತು. ಮೂಲೆ ಜೋತು ಬಿದ್ದು ರಸ್ತೆಗೆ ಉಜ್ಜುತ್ತಿತ್ತು. ನಾನೇ ಚಾಪೆ ಹಾಸಿ ಮಲಗಿ, ಅಡ್ಡ ಕಬ್ಬಿಣಕ್ಕೆ ಸೇರಿಸಿ ಜಿಪ್ ಟೈ ಬಿಗಿದಿದ್ದೆ. ಹಸಿರು ಟೈ. ಹಿಂದಿನ ವರ್ಷದ ಗಣೇಶನ ಮಂಟಪಕ್ಕೆ ಲೈಟ್ ಸರ ಕಟ್ಟಲು ತಂದಿದ್ದರಲ್ಲಿ ಉಳಿದಿದ್ದು. ಒಂದಲ್ಲ, ಎರಡು ಹಾಕಿದ್ದೆ, ಗುಣಿಸು ಗುರುತಿನ ಹಾಗೆ. ಟೈ ಕತ್ತರಿಸದೆ ಆ ಟ್ರೇ ಇಳಿಸಲು ಸಾಧ್ಯವಿಲ್ಲ. ಕತ್ತರಿಸಿದರೆ ಮತ್ತೆ ಹಸಿರು ಟೈ ಶೋರೂಮಿನಲ್ಲಿ ಎಲ್ಲಿಂದ ಬರಬೇಕು?

ಇವತ್ತು ಕಾರಿನ ಪಕ್ಕ ನೆಲದ ಮೇಲೆ ಕೈ ಊರಿ ಬಗ್ಗಿ ಫೋನ್ ಟಾರ್ಚ್ ಬಿಟ್ಟೆ. ಎರಡೂ ಹಾಗೇ ಇವೆ. ಮೇಲೆ ಒಂದು ಪದರ ಕೆಂಪು ಮಣ್ಣು ಒಣಗಿ ಕೂತಿದೆ. ಫೋಟೋ, ವಿಡಿಯೋ ಎರಡೂ ತೆಗೆದೆ. ಸೆಕ್ಯುರಿಟಿಯವರು ಬಂದು "ಏನ್ ಸಾರ್ ಬಿತ್ತು?" ಎಂದು ಕೇಳಿದರು.

ಮಾವಳ್ಳಿ ಸ್ಪ್ಯಾನರ್ | ಮಂಗಳವಾರ, ರಾತ್ರಿ 11:02

ಗಣಪತಿ ಕಾಪಾಡಿದ ಸಾರ್.

ಗುರುವಾರ ನನಗೆ ಬಿಡುವು ಇದೆ. ಅವರ ಲಿಫ್ಟ್‌ನಲ್ಲೇ, ಅವರ ಹುಡುಗರ ಕೈಯಲ್ಲೇ ಬಿಚ್ಚಿಸೋಣ. ನಾನು ಸುಮ್ನೆ ಪಕ್ಕದಲ್ಲಿ ನಿಂತಿರುತ್ತೇನೆ. ಎರಡು ಸ್ವಚ್ಛ ಬಾಟಲಿ, ಅಳತೆ ಗೀಟಿರುವ ಕ್ಯಾನ್, ಒಂದು ಮ್ಯಾಗ್ನೆಟ್ ತನ್ನಿ.

ಕರಿ ಕೋಟು | ಬುಧವಾರ, ಬೆಳಿಗ್ಗೆ 7:20

ನಾನು ವಕೀಲ, ಕಾರಿನ ವಿಷಯ ಅಷ್ಟಕ್ಕಷ್ಟೇ. ಕಾನೂನಿನ ಮಟ್ಟಿಗೆ ಹೇಳುತ್ತೇನೆ.

ಮಾರ್ಚ್‌ನ ಜಾಬ್ ಕಾರ್ಡ್ ನಕಲು ಬರೆದು ಕೇಳಿ ಪಡೆಯಿರಿ. ಗುರುವಾರ ಬಿಚ್ಚುವಾಗ ವಿಡಿಯೋ ನಡುವೆ ನಿಲ್ಲಿಸಬೇಡಿ. ಬಾಟಲಿಗೆ ಸೀಲ್ ಹಾಕಿ, ಅವರ ಕಡೆಯವರ ಸಹಿಯೂ ಇರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷ ಸಮಯ ಇದೆ, ಹಾಗಾಗಿ ಇವತ್ತೇ ಓಡಬೇಕಾಗಿಲ್ಲ. ಯಾವ ಆಯೋಗಕ್ಕೆ ಹೋಗಬೇಕು ಎನ್ನುವುದು ನೀವು ಕೇಳುವ ಪರಿಹಾರದ ಮೇಲಲ್ಲ, ನೀವು ಕೊಟ್ಟ ಹಣದ ಮೇಲೆ ನಿಂತಿದೆ. 50 ಲಕ್ಷದ ತನಕ ಜಿಲ್ಲಾ ಆಯೋಗ. ನಿಮ್ಮದು 52 ಸಾವಿರದ ಸರ್ವಿಸ್, 5 ಲಕ್ಷದ ತನಕ ಶುಲ್ಕವೂ ಇಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ ನೋಡಿ, ಕೆಲವು ಸಲ ಅಷ್ಟಕ್ಕೇ ಎದುರಿನವರು ಮಾತಿಗೆ ಬರುತ್ತಾರೆ.

ಆದರೆ ಒಂದು ಮಾತು. ಟ್ರೇ ಬಿಚ್ಚಲಿಲ್ಲ ಎಂದು ತೋರಿಸುವುದು ಸುಲಭ. ಅದರಿಂದಲೇ ಎಂಜಿನ್ ಹೋಯಿತು ಎಂದು ತೋರಿಸಲು ತಜ್ಞರ ವರದಿ ಬೇಕು. ಜೊತೆಗೆ ಆ ಒಂದೂವರೆ ಕಿಲೋಮೀಟರ್ ವಿಷಯ ನೀವೇ ಇಲ್ಲಿ ಬರೆದುಕೊಂಡಿದ್ದೀರಿ. ಇನ್ನು ಮೇಲೆ ಸ್ವಲ್ಪ ಕೈ ಬಿಗಿ ಹಿಡಿಯಿರಿ.

ಇನ್ಶೂರೆನ್ಸ್ ನಂಬಬೇಡಿ. ಅಪಘಾತವಿಲ್ಲದೆ ತಾನಾಗಿ ಕೆಟ್ಟಿದ್ದಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಏನೂ ಬರುವುದಿಲ್ಲ.

ಕುಣಿಗಲ್ ಕುದುರೆ | ಶುಕ್ರವಾರ, ರಾತ್ರಿ 9:30

ನಿನ್ನೆ ಬಿಚ್ಚಿದರು. ವಕೀಲರೇ ಕ್ಷಮಿಸಿ, ಕೈ ಬಿಗಿ ಹಿಡಿಯಲು ಆಗುತ್ತಿಲ್ಲ.

ಕಾರು ಲಿಫ್ಟ್ ಮೇಲೆ ಹೋಯಿತು. ವರ್ಕ್‌ಶಾಪ್ ಮ್ಯಾನೇಜರ್, ಇಬ್ಬರು ಹುಡುಗರು, ಮಾವಳ್ಳಿಯವರು, ನಾನು. ಮಾವಳ್ಳಿಯವರು ಕೈ ಹಿಂದೆ ಕಟ್ಟಿಕೊಂಡು ಮದುವೆ ಮನೆಯ ಹಿರಿಯರ ಹಾಗೆ ನಿಂತಿದ್ದರು. ಹಸಿರು ಟೈ ತೋರಿಸಿದೆ. ಮ್ಯಾನೇಜರ್ ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಮೇಲಿಂದ ಎಳೆಯುವುದು ಕಂಪನಿ ಒಪ್ಪಿರುವ ವಿಧಾನ ಸಾರ್" ಎಂದರು. ಹಾಗಾದರೆ ಬಿಲ್‌ನಲ್ಲಿ 'ಅಂಡರ್‌ಬಾಡಿ ತಪಾಸಣೆ, ಟ್ರೇ ಬಿಚ್ಚಿ ಜೋಡಿಸಿದ್ದು' ಅಂತ 1,800 ರೂಪಾಯಿ ಯಾಕಿದೆ ಎಂದು ಮಾವಳ್ಳಿಯವರು ಕೇಳಿದರು. ಆ ಸಾಲು ನನಗೆ ಕಂಡೇ ಇರಲಿಲ್ಲ. ಮ್ಯಾನೇಜರ್ ಏನೂ ಹೇಳಲಿಲ್ಲ. ಹುಡುಗನೊಬ್ಬ ಕಟರ್ ತರಲು ಹೋದ.

ಟೈ ಕತ್ತರಿಸಿ ಟ್ರೇ ಇಳಿಸಿ ಡ್ರೈನ್ ಬೋಲ್ಟ್ ತೆಗೆದರು. ಬಂದದ್ದು ಐದು ಲೀಟರಿಗೆ ಸ್ವಲ್ಪ ಕಡಿಮೆ. ತಣ್ಣಗಿದ್ದರೂ ನೀರಿನ ಹಾಗೆ ಸುರಿಯಿತು. ಹುಡುಗನ ಬೆರಳು ಮೂಸಿದೆ, ಪೆಟ್ರೋಲ್ ವಾಸನೆ. ಕ್ಯಾನ್ ಮೇಲೆ ಟಾರ್ಚ್ ಹಿಡಿದಾಗ ಕಪ್ಪು ಆಯಿಲ್ ಒಳಗೆ ಮಿಣುಕು ಮಿಣುಕು. ಮಕ್ಕಳ ಶಾಲೆ ನಾಟಕಕ್ಕೆ ಮುಖಕ್ಕೆ ಹಚ್ಚುವ ಜರಿ ಪುಡಿ ಇರುತ್ತದಲ್ಲ, ಹಾಗೆ. ಮ್ಯಾಗ್ನೆಟ್ ಅದ್ದಿದರೆ ಒಂದಿಷ್ಟು ಮಸಿ ಅಂಟಿತು, ಮಿಣುಕು ಹಾಗೇ ಆಯಿಲ್‌ನಲ್ಲಿ ಉಳಿಯಿತು. ಮ್ಯಾಗ್ನೆಟ್‌ಗೆ ಅಂಟಿದರೆ ಕಬ್ಬಿಣ, ಅಂಟದಿದ್ದರೆ ಬೇರಿಂಗ್ ತಗಡಿನ ಲೇಪ ಎಂದರು ಮಾವಳ್ಳಿಯವರು.

ಫಿಲ್ಟರ್ ಹೊಸದೇ ಇತ್ತು. ಇದನ್ನೂ ಹೇಳಬೇಕು. ಅದು ಮೇಲೆಯೇ ಸಿಗುತ್ತದೆ, ಬದಲಿಸಿದ್ದಾರೆ. ಕತ್ತರಿಸಿ ಬಿಡಿಸಿದಾಗ ಪ್ರತಿ ಮಡಿಕೆಯಲ್ಲೂ ಅದೇ ಜರಿ.

ಚೇಂಬರ್ ಇಳಿಸಿದರು. ಐದನೇ ರಾಡ್‌ನ ಕ್ಯಾಪ್ ಬಿಚ್ಚಿದಾಗ ತಗಡುಗಳು ಒಂದರ ಮೇಲೊಂದು ಹತ್ತಿ ಸುಟ್ಟ ದೋಸೆಯ ಅಂಚಿನ ಹಾಗೆ ನೀಲಿ ಕಪ್ಪಾಗಿದ್ದವು. ಕ್ರ್ಯಾಂಕ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಊಹೆ ಸರಿಯೇ ಇತ್ತು, ಅಂದರೆ.

ವಾಪಸ್ ಬರುವಾಗ ಮಾವಳ್ಳಿಯವರನ್ನು ಕೇಳಿದೆ, "ಯಾರದ್ದು ತಪ್ಪು?" ಅವರ ಮಾತನ್ನು ಹಾಗೇ ಬರೆಯುತ್ತೇನೆ. "ಹಳೇ ಆಯಿಲ್ ಉಳಿಸಿದ್ದು ಅವರು. ಟ್ರಾಫಿಕ್‌ನಲ್ಲಿ ನಾನೂರು ಚಿಲ್ಲರೆ ಗಂಟೆ ಓಡಿಸಿ ಅದಕ್ಕೆ ಪೆಟ್ರೋಲ್ ಸೇರಿ ತೆಳುವಾಗುವ ಹಾಗೆ ಮಾಡಿದ್ದು ನೀವು. ತಣ್ಣಗಿದ್ದಾಗ ಒತ್ತಿದ್ದು ನೀವು. 15,000 ಅಂತ ಸ್ಕ್ರೀನ್‌ನಲ್ಲಿ ಬರೆದದ್ದು ಕಂಪನಿ. ಕೆಂಪು ದೀಪ ಬಂದ ಮೇಲೆ ಬಂಕ್ ಹುಡುಕಿದ್ದು ಮತ್ತೆ ನೀವು. ಪಾಲು ಮಾಡಿಕೊಳ್ಳಿ."

ಸಂಜೆ ಶೋರೂಮಿನಿಂದ ಮೇಲ್ ಬಂತು. "ಸದ್ಭಾವನೆಯಿಂದ" ಲೇಬರ್ ಪೂರ್ತಿ ಬಿಡುತ್ತಾರಂತೆ, ಬಿಡಿಭಾಗದಲ್ಲಿ ಶೇಕಡಾ 20 ಕಡಿಮೆ ಮಾಡುತ್ತಾರಂತೆ. ಮಾರ್ಚ್‌ನ 52,300 ವಾಪಸ್. ಆದರೂ ಹದಿಮೂರು ಲಕ್ಷದ ಮೇಲೆ. ತಪ್ಪು ಒಪ್ಪಿಕೊಂಡ ಒಂದು ಪದವೂ ಇಲ್ಲ. ಟ್ರ್ಯಾಕ್ ಫೋಟೋ ಬಗ್ಗೆ ಮಾತ್ರ ಈಗ ಯಾರೂ ಮಾತಾಡುತ್ತಿಲ್ಲ.

ನೇರ ಮಾತು | ಶುಕ್ರವಾರ, ರಾತ್ರಿ 10:10

ಟೈ ವಿಷಯಕ್ಕೆ ನಿಮಗೊಂದು ನಮಸ್ಕಾರ. ಹದಿಮೂರು ಲಕ್ಷ ಕೊಡಬೇಡಿ. ಕ್ರ್ಯಾಂಕ್ ಉಜ್ಜಿ ದಪ್ಪ ಬೇರಿಂಗ್ ಹಾಕಲು ಆಗುತ್ತದಾ ಕೇಳಿದಿರಾ?

ಮಾವಳ್ಳಿ ಸ್ಪ್ಯಾನರ್ | ಶನಿವಾರ, ಬೆಳಿಗ್ಗೆ 6:40

ಕೇಳಿದೆ. ಆ ದಪ್ಪ ಬೇರಿಂಗ್‌ಗೇ ಅಂಡರ್‌ಸೈಜ್ ಅಂತಾರೆ, ಈ ಎಂಜಿನ್‌ಗೆ ಕಂಪನಿ ಅದನ್ನು ಕೊಡೋದೇ ಇಲ್ಲ. ಲಾರಿ ಆಗಿದ್ದರೆ ನಾಳೆನೇ ಉಜ್ಜಿ ಕೊಡುತ್ತಿದ್ದೆ.

ಹಿಂದಿನಿಂದ ಗುದ್ದಿಸಿಕೊಂಡ ಇದೇ ಮಾಡೆಲ್ ಒಂದು ಪುಣೆಯಲ್ಲಿ ಬಿದ್ದಿದೆ. 40,000 ಓಡಿರೋ ಎಂಜಿನ್, ಆರೂವರೆ ಲಕ್ಷ ಕೇಳುತ್ತಿದ್ದಾರೆ. ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ, ಎರಡು ಕ್ಯಾಪ್ ಬಿಚ್ಚಿ ನೋಡೋಕೆ ಬಿಟ್ಟರೆ ಮಾತ್ರ ಅಡ್ವಾನ್ಸ್. ಹಾಕಿದ ಮೇಲೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಿಸಲೇಬೇಕು ಸಾರ್, ಆರ್‌ಟಿಒ ಓಡಾಟ ನಿಮ್ಮದು. ಮೊದಲ ಆಯಿಲ್ 1,000ಕ್ಕೆ ಇಳಿಸೋಣ. ಆಮೇಲೆ ಏಳು ಸಾವಿರಕ್ಕೆ ಒಂದು ಸಲ, ಇಲ್ಲ ಇನ್ನೂರ ಐವತ್ತು ಗಂಟೆಗೆ, ಯಾವುದು ಮೊದಲೋ ಅದು.

ಕರಿ ಕೋಟು | ಶನಿವಾರ, ಬೆಳಿಗ್ಗೆ 9:05

ಹಳೇ ಎಂಜಿನ್ ಗುಜರಿಗೆ ಹಾಕಬೇಡಿ. ಬೇರಿಂಗ್ ತಗಡು, ಫಿಲ್ಟರ್, ಆ ಎರಡು ಹಸಿರು ಟೈ, ಎಲ್ಲ ಒಂದು ಡಬ್ಬಿಯಲ್ಲಿ ಹಾಕಿ ಸೀಲ್ ಮಾಡಿ ಇಡಿ. 52,300 ವಾಪಸ್ ತೆಗೆದುಕೊಳ್ಳುವಾಗ "ಎಲ್ಲ ಇತ್ಯರ್ಥವಾಯಿತು" ಎಂಬ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ.

ಕುಣಿಗಲ್ ಕುದುರೆ | ಶನಿವಾರ, ಬೆಳಿಗ್ಗೆ 11:25

ಡಬ್ಬಿ ಸಿಕ್ಕಿದೆ. ಮೈಸೂರ್ ಪಾಕ್ ಡಬ್ಬಿ. ಹೆಂಡತಿ ನೋಡಿ ಏನೂ ಹೇಳಲಿಲ್ಲ, ಅದೇ ದೊಡ್ಡದು.

ಮುಂದಿನ ವಾರ ಪುಣೆಗೆ ಹೋಗೋಣ. ಆಫೀಸಿಗೆ ಇನ್ನು ಮೆಟ್ರೋ, ಅಲ್ಲಿಂದ ಬಸ್ಸು. ಮಾವಳ್ಳಿಯವರೇ, ನಿಮ್ಮ ಗ್ಯಾರೇಜಿನಲ್ಲಿ ಆಯಿಲ್ ಇಳಿಸುವಾಗ ಪಕ್ಕದಲ್ಲಿ ಕೂರಲು ಬಿಡುತ್ತೀರಾ?

ಮಾವಳ್ಳಿ ಸ್ಪ್ಯಾನರ್ | ಶನಿವಾರ, ಬೆಳಿಗ್ಗೆ 11:31

ಸ್ಟೂಲ್ ಇದೆ. ಕಾಫಿ ನಿಮ್ಮ ಲೆಕ್ಕ.